ಪದ ಪರಿಚಯ: ಹೇಲೋ

ಫೋನ್ ಎತ್ತಿ ಹೇಳುವ ಹಲೋ ಅಲ್ಲ. ದೇವರ ಫೋಟೋದಲ್ಲಿ ತಲೆಯ ಹಿಂದೆ ಕಾಣುವ ಪ್ರಭೆಯೂ ಅಲ್ಲ. ಇದು ಕ್ಯಾಶುವಾಲಿಟಿಯವರ ಮಾತು. 'ಹೈ ಅಕ್ಯುಯಿಟಿ, ಲೋ ಅಕರೆನ್ಸ್' ಎಂಬುದರ ಮೊದಲಕ್ಷರಗಳನ್ನು ಜೋಡಿಸಿ ಮಾಡಿದ್ದು. ಬರುವುದು ಅಪರೂಪ, ಬಂದರೆ ಜೀವದ ಪ್ರಶ್ನೆ. ಅಂಥ ಚಿಕಿತ್ಸೆಗಳಿಗೆಲ್ಲ ಒಟ್ಟಿಗೆ ಇಟ್ಟ ಹೆಸರು.

ತಲಪಾಡಿ ಗಡಿಯಿಂದ ಈಚೆ, ಕಾಸರಗೋಡಿನ ಕಡೆ ಹೆದ್ದಾರಿಯಲ್ಲಿ ಬೈಕ್ ಬಿದ್ದು ಒಬ್ಬನ ಮುಖ ಜಜ್ಜಿಹೋಗಿದೆ ಅಂತಿಟ್ಟುಕೊಳ್ಳಿ. ಬಾಯಿ ತುಂಬ ರಕ್ತ. ಉಸಿರಾಟದ ಟ್ಯೂಬ್ ಇಳಿಯುತ್ತಿಲ್ಲ. ಮಾಸ್ಕ್ ಒತ್ತಿ ಹಿಡಿದರೂ ಗಾಳಿ ಒಳಗೆ ಹೋಗುತ್ತಿಲ್ಲ. ಮಂಗಳೂರಿಗೆ ಕಳಿಸುವ ಅಂದರೆ ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್. ಆಕ್ಸಿಜನ್ ಇಲ್ಲದೆ ಮಿದುಳು ತಡೆಯುವುದು ನಾಲ್ಕೈದು ನಿಮಿಷ. ಆಗ ಉಳಿಯುವುದು ಒಂದೇ ದಾರಿ, ಕುತ್ತಿಗೆಯ ಮುಂಭಾಗದಲ್ಲಿ ತೂತು ಮಾಡಿ ಅಲ್ಲಿಂದ ಟ್ಯೂಬ್ ಹಾಕುವುದು. ಕ್ರೈಕೋಥೈರಾಟಮಿ ಅಂತ ಅದರ ಹೆಸರು. ನಾವು ಸುಮ್ನೆ 'ಕ್ರೈಕ್' ಅನ್ನುತ್ತೇವೆ.

ನಿಮ್ಮ ಗಂಟಲಿನ ಉಬ್ಬಿನ ಮೇಲೆ ಬೆರಳಿಟ್ಟು ಮೆಲ್ಲ ಕೆಳಗೆ ಜಾರಿಸಿ. ಸಣ್ಣ ತಗ್ಗು ಸಿಕ್ಕಿತು, ಅಲ್ವಾ? ಅಲ್ಲಿ ಚರ್ಮದಡಿ ಒಂದು ಪೊರೆ ಇದೆ. ಬ್ಲೇಡನ್ನು ಅಡ್ಡ ಚುಚ್ಚಿ, ಹರಿತ ಅಂಚು ಕಾಲಿನ ಕಡೆ ಬರುವಂತೆ ತಿರುಗಿಸಬೇಕು. ಪಕ್ಕದಿಂದ ಬೂಜಿ ಎಂಬ ಬಳುಕುವ ಕಡ್ಡಿ ತೂರಿಸಿ, ಅದರ ಮೇಲಿಂದ 6ನೇ ನಂಬರಿನ ಟ್ಯೂಬ್ ಜಾರಿಸಬೇಕು. ಬ್ರಿಟನ್ನಿನ ಡಿಫಿಕಲ್ಟ್ ಏರ್‌ವೇ ಸೊಸೈಟಿ 2015ರಲ್ಲಿ ಹೇಳಿದ ಕ್ರಮ ಇದು. ಓದಲು ಎಷ್ಟು ಸುಲಭ! ವರ್ಷಗಟ್ಟಲೆ ಕ್ಯಾಶುವಾಲಿಟಿಯಲ್ಲಿದ್ದೂ ನಿಜವಾದ ಕುತ್ತಿಗೆಯ ಮೇಲೆ ಒಮ್ಮೆಯೂ ಮಾಡದ ಡಾಕ್ಟರುಗಳಿದ್ದಾರೆ. ನಾನೂ ಒಬ್ಬ.

ತುಂಬು ಗರ್ಭಿಣಿಯ ಹೃದಯ ನಿಂತಾಗ ಐದು ನಿಮಿಷದೊಳಗೆ ಅಲ್ಲೇ ಮಗುವನ್ನು ಹೊರತೆಗೆಯುವುದೂ ಹೇಲೋ. ಇರಿತದ ಗಾಯಕ್ಕೆ ಹೃದಯ ನಿಂತವನ ಎದೆ ತೆರೆಯುವುದೂ ಹೇಲೋ.

ಟ್ರಾಮಾ, ಅಂದರೆ ಅಪಘಾತದಂಥ ಗಾಯಗಳ ಚಿಕಿತ್ಸೆಯ ತರಬೇತಿಗೆ ಎಟಿಎಲ್ಎಸ್ (ಅಡ್ವಾನ್ಸ್‌ಡ್ ಟ್ರಾಮಾ ಲೈಫ್ ಸಪೋರ್ಟ್) ಎಂಬ ಕೋರ್ಸಿದೆ. 1976ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಜೇಮ್ಸ್ ಸ್ಟೈನರ್ ಎಂಬ ಮೂಳೆ ಡಾಕ್ಟರು ಓಡಿಸುತ್ತಿದ್ದ ಸಣ್ಣ ವಿಮಾನ ಬಿತ್ತು. ಹೆಂಡತಿ ತೀರಿಕೊಂಡರು. ಮಕ್ಕಳಿಗೆ ಸಣ್ಣ ಊರಿನ ಆಸ್ಪತ್ರೆಯಲ್ಲಿ ಸಿಕ್ಕ ಚಿಕಿತ್ಸೆ ನೋಡಿ ಅವರು ಕಂಗಾಲಾದರು. ಅದರಿಂದ ಹುಟ್ಟಿದ ಕೋರ್ಸ್ ಇದು. ಸರ್ಟಿಫಿಕೇಟು ನಾಲ್ಕು ವರ್ಷ ನಡೆಯುತ್ತದೆ. ಕೈಗೆ ಅಷ್ಟು ನೆನಪಿಲ್ಲ, ಕೆಲವೇ ತಿಂಗಳಲ್ಲಿ ಮರೆಯುತ್ತದೆ.

ಹಾಗಾಗಿ ಕ್ರೈಕ್ ಅಭ್ಯಾಸಕ್ಕೆ ಆಡಿನ ಶ್ವಾಸನಾಳ. ಮಾಂಸದ ಅಂಗಡಿಯಲ್ಲಿ ಕೇಳಿದಾಗ "ಇದೆಂತಕ್ಕೆ ಡಾಕ್ಟ್ರೇ, ಸೂಪಿಗಾ?" ಅಂದರು. ಮೇಲೆ ಅಗಲದ ಪ್ಲಾಸ್ಟರ್ ಸುತ್ತಿದರೆ ಅದೇ ಚರ್ಮ. ಬ್ಲೇಡ್ ಒಳಗೆ ಹೋದಾಗ 'ಟಪ್' ಅಂತ ಬೆರಳಿಗೆ ಗೊತ್ತಾಗುತ್ತದೆ. ಅದು ಪುಸ್ತಕದಿಂದ ಬರುವಂಥದ್ದಲ್ಲ.

ಆದರೆ ಕೊಯ್ಯುವುದಕ್ಕಿಂತ ಕಷ್ಟ, 'ಕೊಯ್ಯುವ' ಅಂತ ಬಾಯಿಬಿಟ್ಟು ಹೇಳುವುದು. ಮೂರನೇ ಸಲ ಟ್ಯೂಬ್ ಹಾಕಲು ಹೊರಟವನಿಗೆ ಗಡಿಯಾರ ಕಾಣುವುದಿಲ್ಲ. ಪಕ್ಕದ ಸಿಸ್ಟರ್ "ಸರ್, ಆಗ್ತಾ ಇಲ್ಲ. ಕ್ರೈಕ್ ಮಾಡುವ" ಅನ್ನಬೇಕು. ಸಣ್ಣವರು ದೊಡ್ಡವರಿಗೆ ಹಾಗೆ ಹೇಳುವ ಅಭ್ಯಾಸ ನಮ್ಮಲ್ಲಿ ಕಮ್ಮಿ. ಅದಕ್ಕೇ ಒಬ್ಬನಿಗೆ ಕಲಿಸಿದರೆ ಸಾಲದು, ಇಡೀ ಟೀಮ್ ಬೇಕು. ಯಕ್ಷಗಾನದಲ್ಲೂ ಹಾಗೇ ತಾನೆ? ಅಪರೂಪದ ಪ್ರಸಂಗವಾದರೆ ಪಳಗಿದ ವೇಷಧಾರಿಗಳೂ ಚೌಕಿಯಲ್ಲಿ ಭಾಗವತರ ಹತ್ತಿರ ಕೂತು ನಡೆ ಕೇಳಿಕೊಳ್ಳುತ್ತಾರೆ.

ಟೀಮಿನ ಈ ಅಭ್ಯಾಸವನ್ನು, ಅಂದರೆ ಡ್ರಿಲ್ಲನ್ನು, ಬೇರೆ ಹಾಲ್‌ನಲ್ಲಿ ಮಾಡಿದರೆ ಅರ್ಧ ಪ್ರಯೋಜನ ಅಷ್ಟೆ. ಅದೇ ಬೆಡ್, ಅದೇ ಟ್ರೇ, ಆ ಶಿಫ್ಟಿನ ಜನವೇ ಬೇಕು. ಹಿಂದೆ ನಾನಿದ್ದ ಒಂದು ಕಡೆ ಮೊದಲ ಡ್ರಿಲ್‌ನಲ್ಲಿ "ಬೂಜಿ!" ಅಂತ ಕೂಗಿದೆವು. ಬೂಜಿ ಕಪಾಟಿನಲ್ಲಿತ್ತು. ಕಪಾಟಿಗೆ ಬೀಗ. ಬೀಗದಕೈ ಇದ್ದವರು ಚಾ ಕುಡಿಯಲು ಹೋಗಿದ್ದರು. ಮರುದಿನವೇ ಒಂದನೇ ಬೆಡ್ಡಿನ ಗೋಡೆಗೆ ಕೆಂಪು ಮುಚ್ಚಳದ ಡಬ್ಬಿ ಬಂತು. ಒಳಗೆ ಬ್ಲೇಡ್, ಟ್ಯೂಬ್. ಬೂಜಿ ಉದ್ದವಾಯಿತು ಅಂತ ಡಬ್ಬಿಯ ಹೊರಗೇ ಪ್ಲಾಸ್ಟರ್ ಹಾಕಿ ಅಂಟಿಸಿದ್ದರು.