ಅಕ್ಷರ ಮುದ್ದಾಗಿದೆ, ಓದು ಎಲ್ಲಿ?

ಕಿವಿ ಕೇಳಿಸದ ಮಗುವನ್ನು ಕರೆದುಕೊಂಡು ಬರುವ ತಂದೆ ತಾಯಿ ಬ್ಯಾಗಿನಿಂದ ಮೊದಲು ತೆಗೆಯುವುದು ಕಿವಿ ಪರೀಕ್ಷೆಯ ವರದಿಯಾದ ಆಡಿಯೋಗ್ರಾಮ್ ಅಲ್ಲ, ಕಾಪಿ ಪುಸ್ತಕ. "ನೋಡಿ ಮೇಡಂ, ಎಷ್ಟು ಚೆನ್ನಾಗಿ ಬರೀತಾನೆ!" ನಿಜವಾಗಿಯೂ ಚೆನ್ನಾಗಿರುತ್ತದೆ. ಒತ್ತು, ದೀರ್ಘ ಎಲ್ಲ ಸರಿ. ಪುಟಗಟ್ಟಲೆ ಕಾಗುಣಿತ. ನಾನು ಅವನೇ ಬರೆದ 'ಹಾಲು' ಪದದ ಮೇಲೆ ಬೆರಳಿಟ್ಟು, ಹಾಲು, ಚೆಂಡು, ಬಾಳೆಹಣ್ಣಿನ ಚಿತ್ರಗಳನ್ನು ಮುಂದಿಡುತ್ತೇನೆ. ಮಗು ನನ್ನ ಮುಖ ನೋಡುತ್ತದೆ, ಅಮ್ಮನ ಮುಖ ನೋಡುತ್ತದೆ. ಆಮೇಲೆ ಪೆನ್ಸಿಲ್ ಎತ್ತಿಕೊಂಡು ಇನ್ನೊಂದು ಸಲ 'ಹಾಲು' ಎಂದು ಬರೆಯುತ್ತದೆ.

ಇದು ಓದಲ್ಲ. ನೋಡಿ ಗೀಚುವುದು.

"ಹಾಗಾದ್ರೆ ಸನ್ನೆ ಭಾಷೆ ಶುರು ಮಾಡೋಣ" ಎಂದರೆ ಬರುವ ಉತ್ತರ ನನಗೆ ಬಾಯಿಪಾಠ. "ಬೇಡ ಮೇಡಂ. ಮೊದಲು ಅಕ್ಷರ ಕಲೀಲಿ, ಮಾತು ಬರಲಿ. ಸೈನ್ ಅಭ್ಯಾಸ ಆದ್ರೆ ಬಾಯೇ ಬಿಡಲ್ವಂತೆ." ಈ ಹೆದರಿಕೆ ಹಳೆಯದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳ ಶಿಕ್ಷಕರು ಸಭೆ ಸೇರಿ, ತರಗತಿಯಲ್ಲಿ ಸನ್ನೆ ಬೇಡ, ಮಾತಿನಲ್ಲೇ ಕಲಿಸಬೇಕು ಎಂದು ತೀರ್ಮಾನಿಸಿದರು. ಸಭೆಯಲ್ಲಿ ಇದ್ದವರೆಲ್ಲ ಹೆಚ್ಚುಕಡಿಮೆ ಕಿವಿ ಕೇಳುವವರೇ. 2010ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಅದೇ ಸಮ್ಮೇಳನ ಆ ತೀರ್ಮಾನವನ್ನು ತಳ್ಳಿಹಾಕಿ ವಿಷಾದ ಹೇಳಿತು. ನಮ್ಮ ಓಣಿಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಒಂದೇ ಒಂದು ವಿಷಯ ಅರ್ಥ ಮಾಡಿಕೊಳ್ಳಿ. ಕಿವಿ ಕೇಳುವ ಮಗು ಒಂದನೇ ತರಗತಿಗೆ ಬರುವಾಗ ಕನ್ನಡ ಆಗಲೇ ಅದರ ತಲೆಯಲ್ಲಿ ಇರುತ್ತದೆ. ಹಾ, ಲು ಎಂದು ಕೂಡಿಸಿದ ಕೂಡಲೇ "ಓ, ಹಾಲು!" ಎಂದು ಹೊಳೆಯುತ್ತದೆ. ಭಾಷೆಯೇ ಸಿಗದ ಮಗುವಿಗೆ ಹಾ, ಲು ಕೂಡಿಸಿದರೆ ಏನು ಹೊಳೆಯಬೇಕು? ಒಳಗೆ ಏನಾದರೂ ಇದ್ದರೆ ತಾನೇ? ಆ ಒಳಗಿನ ಭಾಷೆಯನ್ನು ಸನ್ನೆ ಕೊಡುತ್ತದೆ, ಅದೂ ಕಣ್ಣಿನ ಮೂಲಕ, ಬೇಗ.

ಇಷ್ಟು ಹೇಳಿದ ಮೇಲೂ ಮುಂದಿನ ವಾರ ಬೆರಳಿನ ಅಕ್ಷರಮಾಲೆಯ ಚಾರ್ಟ್ ಕೊಂಡು ತರುತ್ತಾರೆ. "ಅ ಅಂದ್ರೆ ಯಾವ ಬೆರಳು ಮೇಡಂ?" ಅಯ್ಯೋ, ಅದಲ್ಲ! ಅಕ್ಷರವನ್ನು ಕೈಗೆ ಸಾಗಿಸಿದರೆ ಮತ್ತದೇ ಕಾಪಿ, ಈ ಸಲ ಗಾಳಿಯಲ್ಲಿ. ನಾನು ಹೇಳುತ್ತಿರುವುದು ಹಾಲು ಉಕ್ಕಿದ್ದು, ಬೆಕ್ಕು ಕುಡಿದದ್ದು, ಅಮ್ಮ ಬೈದದ್ದು, ಯಾಕೆ ಬೈದಳು ಎನ್ನುವುದು. ಇದೆಲ್ಲ ಸನ್ನೆಯಲ್ಲಿ ಮಗುವಿನ ಜೊತೆ ಆಡಬೇಕಾದ ಮಾತು. ಬೆರಳಕ್ಷರಕ್ಕೂ ಕೆಲಸವಿದೆ, ಆದರೆ ಆಮೇಲೆ.

ಹಾಸನದ ಕಡೆಯ ಒಬ್ಬ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬರುತ್ತಿದ್ದರು. ಅಜ್ಜಿಗೆ ಓದು ಬರಹ ಇಲ್ಲ. ಎರಡು ಮುಷ್ಟಿ ಮೇಲೆ ಕೆಳಗೆ ಮಾಡಿದರೆ ಹಾಲು, ಮೀಸೆ ತಿರುವಿದರೆ ಅಪ್ಪ. ಹೀಗೆ ತಾವೇ ಕಟ್ಟಿಕೊಂಡ ಸನ್ನೆಗಳಲ್ಲಿ ಊರಿನ ಜಗಳವನ್ನೆಲ್ಲ ಮಗುವಿಗೆ ಒಪ್ಪಿಸುತ್ತಿದ್ದರು. "ಸುಮ್ನೆ ಕೂತ್ರೆ ಬೇಜಾರಲ್ವಾ ಮಗೀಗೆ?" ಎನ್ನುತ್ತಿದ್ದರು. ಮನೆಯ ಸನ್ನೆ ಪೂರ್ತಿ ಭಾಷೆಯಲ್ಲ, ನಿಜ. ಆದರೆ ಆ ಹುಡುಗಿಗೆ ಸನ್ನೆ ಭಾಷೆ ಹತ್ತಿದ್ದು, ಆಮೇಲೆ ಅಕ್ಷರ ಹತ್ತಿದ್ದು ನೋಡಿದರೆ ಓದಿನ ಮೊದಲ ಟೀಚರ್ ಅಜ್ಜಿಯೇ.

ಚಿತ್ರಪುಸ್ತಕ ಓದಿಸುವಾಗ ಆತುರ ಬೇಡ. ನಮ್ಮ ಮಕ್ಕಳು ಪುಟವನ್ನೂ ಕೈಯನ್ನೂ ಒಟ್ಟಿಗೆ ನೋಡಲಾರರು. ಕಣ್ಣು ಪುಟದ ಮೇಲಿದ್ದಾಗ ನೀವು ಸನ್ನೆ ಮಾಡಿದರೆ ಅದು ವ್ಯರ್ಥ. ಮಗು ಚಿತ್ರ ನೋಡಲಿ, ಕಾಯಿರಿ. ತಲೆ ಎತ್ತಿದಾಗ ಸನ್ನೆ ಮಾಡಿ. ಪದದ ಮೇಲೆ ಬೆರಳಿಡಿ, ಮತ್ತೆ ಸನ್ನೆ. ಕಿವುಡ ತಂದೆ ತಾಯಂದಿರು ಇದನ್ನು ಸಲೀಸಾಗಿ ಮಾಡುತ್ತಾರೆ, ಪುಟದ ಮೇಲೆಯೇ ಸನ್ನೆ ಮಾಡುವುದೂ ಉಂಟು. ಅಂಥ ಮನೆ ಹತ್ತಿರವಿದ್ದರೆ ಹೋಗಿ ನೋಡಿ ಬನ್ನಿ.

ಹಾಗಂತ ಸನ್ನೆ ಬಂದರೆ ಓದು ತಾನಾಗಿ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಭಾರತೀಯ ಸನ್ನೆ ಭಾಷೆ ಕೈಯಲ್ಲಾಡುವ ಕನ್ನಡವಲ್ಲ. ಅದರಲ್ಲಿ 'ಏನು', 'ಎಲ್ಲಿ' ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತವೆ. ಮನೆಗೆ, ಮನೆಯಿಂದ ಎನ್ನುವ ವ್ಯತ್ಯಾಸ ಕೈ ಯಾವ ಕಡೆ ಸಾಗಿತು ಎಂಬುದರಲ್ಲೇ ಗೊತ್ತಾಗುತ್ತದೆ. ನಮ್ಮ ಮಕ್ಕಳು ಓದುವಾಗ ಎಡವುವುದು ಈ 'ಗೆ', 'ಇಂದ', 'ಅಲ್ಲಿ'ಗಳ ಹತ್ತಿರವೇ. ಅದನ್ನು ಪಕ್ಕಪಕ್ಕದಲ್ಲಿಟ್ಟು ಕಲಿಸಬೇಕು, ವರ್ಷಗಟ್ಟಲೆ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಸ್ಟ್ರಾಂಗ್ ಮತ್ತು ಪ್ರಿನ್ಜ್ ಅವರ ಅಧ್ಯಯನದಲ್ಲಿ ಸನ್ನೆ ಚೆನ್ನಾಗಿ ಬರುವ ಮಕ್ಕಳಿಗೆ ಇಂಗ್ಲಿಷ್ ಓದು ಬರಹವೂ ಚೆನ್ನಾಗಿ ಬರುತ್ತಿತ್ತು. ಎರಡೂ ಜೊತೆಗಿದ್ದವು ಅಷ್ಟೇ, ಒಂದರಿಂದಲೇ ಇನ್ನೊಂದು ಬಂತು ಎಂದಲ್ಲ. ಸನ್ನೆ ಓದನ್ನು ಕೆಡಿಸಿದ್ದಂತೂ ಕಾಣಲಿಲ್ಲ.

ಕಿವಿ ಮಷೀನು ತೆಗೆಸಿ ಎಂದೂ ನಾನು ಹೇಳುತ್ತಿಲ್ಲ. ಮಷೀನು, ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಇಂಪ್ಲಾಂಟ್, ಸ್ಪೀಚ್ ಥೆರಪಿ ಎಲ್ಲ ಇರಲಿ. ಅದರ ನಿರ್ಧಾರ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಮತ್ತು ಡಾಕ್ಟರ್ ಜೊತೆ ಆಗಬೇಕು. ಆದರೆ ಮಾತು ಬರುವ ತನಕ ಮಗು ಭಾಷೆ ಇಲ್ಲದೆ ಕಾಯಬಾರದು. ಆ ವರ್ಷಗಳು ವಾಪಸ್ ಸಿಗುವುದಿಲ್ಲ.

ಸನ್ನೆ ಎಲ್ಲಿ ಕಲಿಯೋದು ಎನ್ನುವವರಿಗೆ: ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟು 2021ರಲ್ಲೇ 10,000 ಪದ ಮುಟ್ಟಿದೆ. ಎಲ್ಲ ವಿಡಿಯೋ, ಪುಕ್ಕಟೆ. ಆದರೆ ವಿಡಿಯೋ ನೋಡಿ ಪದ ಕಲಿಯಬಹುದು, ಭಾಷೆ ಕಲಿಯಲು ಕಿವುಡರ ಜೊತೆ ಕೂರಲೇಬೇಕು. ನಮ್ಮ ಶನಿವಾರದ ತರಗತಿಗೆ ಅಮ್ಮಂದಿರು, ಅಜ್ಜಿಯಂದಿರು ತಪ್ಪದೆ ಬರುತ್ತಾರೆ. ಅಪ್ಪಂದಿರು ಗೇಟಿನ ಹೊರಗೆ ಬೈಕ್ ಮೇಲೆ ಕೂತು ಮೊಬೈಲ್ ನೋಡುತ್ತಿರುತ್ತಾರೆ. ಒಳಗೆ ಬನ್ನಿ ಸ್ವಾಮಿ, ಕುರ್ಚಿ ಖಾಲಿ ಇದೆ.