ಮೈನರ್ ಲೀಗ್ ಹುಡುಗರ ಅಂಕಿ ಓದುವಾಗ ಮೊದಲು ವಯಸ್ಸು ನೋಡಿ

ಅಮೆರಿಕದ ಬೇಸ್‌ಬಾಲ್‌ನಲ್ಲಿ ಹುಡುಗರು ಮೇಜರ್ ಲೀಗ್ ತಲುಪುವ ಮೊದಲು ಪಳಗುವ ಏಣಿಯೇ ಮೈನರ್ ಲೀಗ್. ಅದರ ಮೆಟ್ಟಿಲುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 2021ರಿಂದ ಮೇಜರ್ ಲೀಗ್ ಬೇಸ್‌ಬಾಲ್‌ನ 30 ತಂಡಗಳಿಗೂ ತಲಾ ನಾಲ್ಕು ಮೈನರ್ ಲೀಗ್ ತಂಡಗಳಿವೆ. ಕೆಳಗಿನಿಂದ ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ಇವುಗಳಿಗೂ ಕೆಳಗೆ ಅರಿಜೋನಾ, ಫ್ಲಾರಿಡಾ, ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ರೂಕಿ ಲೀಗ್‌ಗಳು.

ನನ್ನ ತಲೆಗೆ ಹತ್ತದೆ ಕಾಡಿದ್ದು ಡಬ್ಲ್ಯುಆರ್‌ಸಿ ಪ್ಲಸ್ ಅನ್ನೋ ಅಂಕಿ, ಅಂದರೆ ಬ್ಯಾಟರ್ ರನ್ ತರುವುದರಲ್ಲಿ ಎಷ್ಟು ಚೆನ್ನಾಗಿದ್ದಾನೆ ಅನ್ನೋ ಅಳತೆ. ಅರ್ಥವೇನೋ ಸುಲಭ. ಆ ಲೀಗಿನ ಸರಾಸರಿ ಬ್ಯಾಟರ್‌ಗೆ 100. 140 ಇದ್ದರೆ ಸರಾಸರಿಗಿಂತ ಶೇ. 40ರಷ್ಟು ಜಾಸ್ತಿ. ಹಾಗಾದರೆ ಡಬಲ್-ಎಯಲ್ಲಿ 140 ಇರುವ 25ರ ವಯಸ್ಸಿನ ಆಟಗಾರನನ್ನು ಬಿಟ್ಟು, 105 ಇರುವ 19ರ ಹುಡುಗನ ಹಿಂದೆ ಎಲ್ಲರೂ ಬೀಳೋದು ಯಾಕೆ? ಲೀಗಿನ ಜೊತೆ ಹೋಲಿಸಿ ಆಯ್ತಲ್ಲ, ಮತ್ತೆ ವಯಸ್ಸನ್ನು ಯಾಕೆ ಲೆಕ್ಕಕ್ಕೆ ತರಬೇಕು?

ಇದನ್ನು ನಿಧಾನವಾಗಿ ಬಿಡಿಸೋಣ. ಆ ಅಂಕಿ ಹೇಳೋದು ಒಂದೇ ವಿಷಯ: ಈ ವರ್ಷ, ಈ ಲೀಗಿನಲ್ಲಿ ಇವನು ಎಷ್ಟು ಚೆನ್ನಾಗಿ ಹೊಡೆದ. ಮುಂದೆ ಎಷ್ಟು ಬೆಳೀತಾನೆ ಅನ್ನೋದು ಅದರೊಳಗೆ ಇಲ್ಲವೇ ಇಲ್ಲ. ಡಬಲ್-ಎ ಆಟಗಾರರ ಸರಾಸರಿ ವಯಸ್ಸು ಸುಮಾರು 23-24. 25ರವನು ಕಾಲೇಜು ಬೇಸ್‌ಬಾಲ್ ಮುಗಿಸಿ ಬಂದಿರಬಹುದು, ಅದೇ ಲೀಗಿನಲ್ಲಿ ಎರಡನೇ ವರ್ಷ ಆಡುತ್ತಿರಬಹುದು. ಅವನ ಮೈಕಟ್ಟು ತುಂಬಿ ಆಗಿದೆ. 19ರವನು ತನಗಿಂತ ನಾಲ್ಕೈದು ವರ್ಷ ದೊಡ್ಡ ಪಿಚರ್‌ಗಳ ಎದುರು ಸರಾಸರಿಗಿಂತ ಮೇಲೇ ನಿಂತಿದ್ದಾನೆ. ಅವನು 23 ತಲುಪುವ ಹೊತ್ತಿಗೆ ಬಲ ಕೂಡುತ್ತೆ, ಕಣ್ಣು ಪಳಗುತ್ತೆ. ಮೊದಲನೆಯವನ 140 ಹೆಚ್ಚುಕಮ್ಮಿ ಅವನ ಮಿತಿ. ಎರಡನೆಯವನ 105 ಶುರು. ಅಂದರೆ ವಯಸ್ಸನ್ನು ಎರಡು ಸಲ ಎಣಿಸುತ್ತಿಲ್ಲ. ಒಂದು ಸಲವೂ ಎಣಿಸಿರಲಿಲ್ಲ, ಈಗ ಎಣಿಸುತ್ತಿದ್ದೇವೆ, ಅಷ್ಟೇ.

ಇಲ್ಲಿಂದ ಹುಟ್ಟಿದ ನನ್ನ ಅಡ್ಡದಾರಿ: ಆಟಗಾರನ ವಯಸ್ಸಿನಿಂದ ಲೀಗಿನ ಸರಾಸರಿ ವಯಸ್ಸು ಕಳೆಯಿರಿ, ಬಂದದ್ದನ್ನು ಹೆಸರಿನ ಪಕ್ಕ ಬರೆಯಿರಿ. ಮೈನಸ್ ಎರಡು ಬಂದರೆ ಗಮನಿಸಿ. ಮೈನಸ್ ನಾಲ್ಕು ಬಂದರೆ ಬ್ಯಾಟಿಂಗ್ ಆವರೇಜ್ (ಬ್ಯಾಟ್ ಹಿಡಿದ ಸರದಿಗೆ ಎಷ್ಟು ಹಿಟ್ ಅನ್ನೋ ಲೆಕ್ಕ) ಸಪ್ಪೆ ಇದ್ದರೂ ಬಿಡಬೇಡಿ. ಪ್ಲಸ್ ಎರಡು ಬಂದರೆ, ಎಷ್ಟೇ ಹೋಮ್ ರನ್ ಇರಲಿ, ಮೇಲಿನ ಮೆಟ್ಟಿಲಿಗೆ ಹೋಗುವವರೆಗೆ ಕಾಯಿರಿ.

ಉದಾಹರಣೆಗೆ, ಮೂಕಿ ಬೆಟ್ಸ್ 2012ರಲ್ಲಿ ಲೋವೆಲ್‌ನಲ್ಲಿ (ರೆಡ್ ಸಾಕ್ಸ್‌ನ ಆಗಿನ ಕೆಳಹಂತದ ತಂಡ) ಆಡಿದಾಗ ವಯಸ್ಸು 19. 71 ಪಂದ್ಯ, ಹೋಮ್ ರನ್ ಸೊನ್ನೆ. ಆವರೇಜ್ .267. ಸುಮ್ನೆ ದಾಟಿಹೋಗುವಂಥ ಅಂಕಿಸಾಲು. ಆದರೆ ಸ್ಟ್ರೈಕೌಟ್ (ಮೂರು ಸ್ಟ್ರೈಕ್‌ಗೆ ಔಟ್) 30, ವಾಕ್ (ನಾಲ್ಕು ಕೆಟ್ಟ ಚೆಂಡು ಬಿಟ್ಟು ಪುಕ್ಕಟೆ ಬೇಸ್) 32! ಕೆಟ್ಟ ಚೆಂಡಿಗೆ ಬ್ಯಾಟ್ ಬೀಸದ ಹುಡುಗ. ಮರುವರ್ಷ 15 ಹೋಮ್ ರನ್ ಬಂತು, 2014ರ ಜೂನ್‌ನಲ್ಲಿ ಅವನು ಮೇಜರ್ ಲೀಗಿನ ಬಾಸ್ಟನ್ ರೆಡ್ ಸಾಕ್ಸ್ ತಂಡದಲ್ಲಿದ್ದ. ಅದಕ್ಕೇ ವಯಸ್ಸಿನ ನಂತರ ನಾನು ನೋಡೋದು ಸ್ಟ್ರೈಕೌಟ್ ಮತ್ತು ವಾಕ್‌ಗಳ ಶೇಕಡಾ. ಕೆಲವೇ ವಾರಗಳ ಆಟದಲ್ಲೂ ಇವು ಆವರೇಜ್‌ಗಿಂತ ಬೇಗ ನೆಲೆ ನಿಲ್ಲುತ್ತವೆ. ಭಾಗಿಸುವಾಗ ಮಾತ್ರ ಆಟ್-ಬ್ಯಾಟ್‌ನಿಂದಲ್ಲ, ಪ್ಲೇಟ್ ಅಪಿಯರೆನ್ಸ್‌ನಿಂದ (ಬ್ಯಾಟ್ ಹಿಡಿದ ಎಲ್ಲ ಸರದಿಗಳ ಲೆಕ್ಕ) ಭಾಗಿಸಿ. ವಾಕ್ ಸಿಕ್ಕಿದ ಸರದಿ ಆಟ್-ಬ್ಯಾಟ್ ಲೆಕ್ಕಕ್ಕೆ ಬರೋದಿಲ್ಲ.

ಹಾಗಂತ ಮೈನಸ್ ಅಂಕಿ ಗ್ಯಾರಂಟಿ ಚೀಟಿ ಅಲ್ಲ. ಜಾಕ್ಸನ್ ಹಾಲಿಡೇ 2022ರ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವ ಕ್ರಮ) ಮೊದಲ ಆಯ್ಕೆ. 2023ರ ಒಂದೇ ಸೀಸನ್‌ನಲ್ಲಿ, 19ರ ವಯಸ್ಸಿಗೆ, ಸಿಂಗಲ್-ಎಯಿಂದ ಟ್ರಿಪಲ್-ಎವರೆಗೆ ನಾಲ್ಕೂ ಮೆಟ್ಟಿಲು ಹತ್ತಿದ. 2024ರ ಏಪ್ರಿಲ್‌ನಲ್ಲಿ ಬಾಲ್ಟಿಮೋರ್‌ನ ಮೇಜರ್ ಲೀಗ್ ತಂಡಕ್ಕೆ ಬಂದವನು 34 ಆಟ್-ಬ್ಯಾಟ್‌ನಲ್ಲಿ ಹೊಡೆದದ್ದು 2 ಹಿಟ್. ವಾಪಸ್ ಟ್ರಿಪಲ್-ಎಗೆ. ಕೊನೆಯ ಮೆಟ್ಟಿಲು ಅಷ್ಟು ಕಡಿದು. ಹೀಗೆ ಹಲವು ಮೆಟ್ಟಿಲು ಹತ್ತಿದವರ ವಿಷಯದಲ್ಲಿ ವರ್ಷದ ಒಟ್ಟು ಸಾಲನ್ನು ನಂಬಬೇಡಿ. ಪ್ರತಿ ಮೆಟ್ಟಿಲಿನ ಸಾಲನ್ನು ಬೇರೆಬೇರೆಯಾಗಿ ಓದಿ, ಕೊನೆಯದಕ್ಕೆ ಹೆಚ್ಚು ತೂಕ ಕೊಡಿ.

ಮೈದಾನದ ಬಗ್ಗೆ ಒಂದು ಮಾತು. ಟ್ರಿಪಲ್-ಎ ಮೆಟ್ಟಿಲಿನ ಪೆಸಿಫಿಕ್ ಕೋಸ್ಟ್ ಲೀಗಿನ ಆಲ್ಬುಕರ್ಕಿ, ರೀನೊ ಎತ್ತರದ ಊರುಗಳು. ಗಾಳಿ ತೆಳು, ಚೆಂಡು ದೂರ ಹಾರುತ್ತೆ. ಪಾಟಾ ಪಿಚ್‌ನಲ್ಲಿ ಬಂದ ರಣಜಿ ದ್ವಿಶತಕವನ್ನು ನಾವು ಹೇಗೆ ಅರ್ಧ ನಂಬುತ್ತೇವೋ, ಅಲ್ಲಿನ ಹೋಮ್ ರನ್‌ಗಳನ್ನೂ ಹಾಗೇ ನೋಡಬೇಕು. ಅಲ್ಲಿ ರನ್ ಬಿಟ್ಟುಕೊಟ್ಟ ಪಿಚರ್‌ಗೂ ಸ್ವಲ್ಪ ರಿಯಾಯಿತಿ ಕೊಡಿ.

ಅಂಕಿಗಳ ಜೊತೆ ಸ್ಕೌಟ್‌ಗಳು (ಪ್ರತಿಭೆ ಹುಡುಕುವವರು) ಕೊಡುವ ದರ್ಜೆಯೂ ಕಣ್ಣಿಗೆ ಬೀಳುತ್ತೆ. ಅವರ 20-80 ಮಾಪನದಲ್ಲಿ 50 ಅಂದರೆ ಮೇಜರ್ ಲೀಗಿನ ಸರಾಸರಿ. ಹಾಗಾಗಿ 45 ಅಂದರೆ ಫೇಲ್ ಅಲ್ಲ.

ಪಂದ್ಯಗಳು ಮುಗಿದ ಮೇಲೂ ನವೆಂಬರ್‌ನಲ್ಲಿ ಒಂದು ಸುಳಿವು ಸಿಗುತ್ತೆ. 18 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿಗೆ ಸಹಿ ಹಾಕಿದವರನ್ನು ಐದು ಸೀಸನ್‌ನೊಳಗೆ, ಉಳಿದವರನ್ನು ನಾಲ್ಕರೊಳಗೆ ಮೇಜರ್ ಲೀಗ್ ತಂಡದ 40 ಜನರ ಪಟ್ಟಿಗೆ ಸೇರಿಸಬೇಕು. ಇಲ್ಲದಿದ್ದರೆ ಡಿಸೆಂಬರ್‌ನ ರೂಲ್ 5 ಡ್ರಾಫ್ಟ್‌ನಲ್ಲಿ ಬೇರೆ ತಂಡ ಎತ್ತಿಕೊಳ್ಳಬಹುದು. ಅಂಕಿ ಚೆನ್ನಾಗಿದ್ದ ಹುಡುಗನನ್ನು ತಂಡ ಆ ಪಟ್ಟಿಗೆ ಸೇರಿಸಲಿಲ್ಲ ಅಂದರೆ, ಅವನ ಹೆಸರಿನ ಪಕ್ಕದ ಪ್ಲಸ್-ಮೈನಸ್ ಇನ್ನೊಮ್ಮೆ ನೋಡಿ.