ಕಾಲಮಿತಿಯೋ, ಇಡೀ ರಾತ್ರಿಯದ್ದೋ?

ರಾತ್ರಿ ಪಾಳಿಯಲ್ಲಿ ಬೈಂದೂರು ಕಡೆಯಿಂದ ಬಂದ ಆಂಬುಲೆನ್ಸು. ಬೈಕಿನಿಂದ ಬಿದ್ದವನ ಹೊಟ್ಟೆಯೊಳಗೆ ರಕ್ತಸ್ರಾವ. ರೆಫರಲ್ ಚೀಟಿಯಲ್ಲಿ ಬಿಪಿ ಇತ್ತು, ಸಲೈನ್ ಲೆಕ್ಕ ಇತ್ತು, ಬಿದ್ದ ಹೊತ್ತು ಇರಲಿಲ್ಲ. ಜೊತೆಗೆ ಬಂದ ಅವನ ಭಾವನನ್ನು ಕೇಳಿದರೆ, "ಯಕ್ಷಗಾನದ ಆಟ ಮುಗಿಸಿ ಬರುವಾಗ, ಡಾಕ್ಟ್ರೆ" ಎಂದರು.

ಹೊತ್ತು ಯಾಕೆ ಬೇಕೆಂದರೆ, ಟ್ರಾನೆಕ್ಸಾಮಿಕ್ ಆಸಿಡ್‌ಗೆ. ಕಟ್ಟಿದ ಹೆಪ್ಪನ್ನು ದೇಹವೇ ಕರಗಿಸಿಬಿಡದಂತೆ ತಡೆಯುವ, ಅಗ್ಗದ ಇಂಜೆಕ್ಷನ್. 2010ರ ಕ್ರ್ಯಾಶ್-2 ಅಧ್ಯಯನದಲ್ಲಿ 40 ದೇಶಗಳ 20,211 ಗಾಯಾಳುಗಳಿದ್ದರು. ನಮ್ಮ ದೇಶದವರೂ ಸಾವಿರಾರು ಮಂದಿ. ಮದ್ದು ಸಿಗದವರಿಗೆ ಹೋಲಿಸಿದರೆ ಸಿಕ್ಕವರಲ್ಲಿ ಸಾವು ಶೇ. 16ರಿಂದ 14.5ಕ್ಕೆ ಇಳಿಯಿತು. ಅಂದರೆ 67 ಜನರಿಗೆ ಕೊಟ್ಟರೆ ಒಂದು ಜೀವ ಹೆಚ್ಚು ಉಳಿದೀತು. ನಮಗೆ ಪಾಠವಾದದ್ದು ಅದೇ ಗಾಯಾಳುಗಳನ್ನು ಮದ್ದು ಕೊಟ್ಟ ಹೊತ್ತಿನ ಪ್ರಕಾರ ಬಿಡಿಸಿ ನೋಡಿದ, ಮರುವರ್ಷ ಬಂದ ವಿಂಗಡಣೆ. ಗಾಯವಾಗಿ ಗಂಟೆಯೊಳಗೆ ಕೊಟ್ಟವರಲ್ಲಿ ರಕ್ತಸ್ರಾವದ ಸಾವು ಶೇ. 7.7ರಿಂದ 5.3ಕ್ಕೆ ಇಳಿದಿತ್ತು. ಮೂರು ಗಂಟೆ ಕಳೆದ ಮೇಲೆ ಕೊಟ್ಟವರಲ್ಲಿ 3.1ರಿಂದ 4.4ಕ್ಕೆ ಏರಿತ್ತು! ಅದೇ ಮದ್ದು.

ಇಂಥ ವಿಂಗಡಣೆಗಳನ್ನು ನಾನು ಸುಲಭಕ್ಕೆ ನಂಬುವವನಲ್ಲ. 1988ರ ಐಸಿಸ್-2 ಎಂಬ ಅಧ್ಯಯನದಲ್ಲಿ ಹೃದಯಾಘಾತವಾದ 17,187 ಜನರಲ್ಲಿ ಆಸ್ಪಿರಿನ್ ಜೀವ ಉಳಿಸಿದ್ದು ಸ್ಪಷ್ಟವಾಗಿತ್ತು. ಸಂಶೋಧಕರು ಬೇಕೆಂದೇ ರೋಗಿಗಳನ್ನು ರಾಶಿವಾರು ಬಿಡಿಸಿ ನೋಡಿದರು. ಮಿಥುನ, ತುಲಾದವರಿಗೆ ಪ್ರಯೋಜನವೇ ಇಲ್ಲವೆಂದು ಬಂತು! ಹೋಳು ಮಾಡುತ್ತಾ ಹೋದರೆ ಯಾವುದೋ ಒಂದು ಹೋಳಿನಲ್ಲಿ ಹೀಗೆ ಬಂದೇ ಬರುತ್ತದೆ, ನಂಬಬೇಡಿ ಎಂದು ತೋರಿಸಲಿಕ್ಕೇ ಆ ಲೆಕ್ಕ. (ನಮ್ಮೂರಲ್ಲಿ ಇದನ್ನು ಹೇಳುವಾಗ ಸ್ವಲ್ಪ ಜಾಗ್ರತೆ ಬೇಕು, ಜಾತಕ ಹಿಡಿದುಕೊಂಡೇ ಬಂದಾರು.)

ಹಾಗಾದರೆ ಮೂರು ಗಂಟೆಯೂ ಮಿಥುನ ರಾಶಿಯ ಹಾಗೆಯೇ ಯಾಕಲ್ಲ? 2017ರಲ್ಲಿ ವುಮನ್ ಅಧ್ಯಯನ ಬಂತು. ಹೆರಿಗೆಯ ನಂತರ ರಕ್ತ ಹೋಗುತ್ತಿದ್ದ 20,060 ಬಾಣಂತಿಯರು, ಬೇರೆಯೇ ಕಾಯಿಲೆ. ಅಲ್ಲೂ ಮೂರು ಗಂಟೆಯೊಳಗೆ ಕೊಟ್ಟವರಲ್ಲಿ ರಕ್ತಸ್ರಾವದ ಸಾವು ಶೇ. 1.7ರ ಬದಲು 1.2, ತಡವಾದವರಿಗೆ ಲಾಭವಿಲ್ಲ. ಎರಡನೇ ಸಲವೂ ಅದೇ ಗೆರೆ ಕಂಡ ಮೇಲೆ ನನ್ನ ಸಂಶಯ ಬಹುಮಟ್ಟಿಗೆ ಹೋಯಿತು. ಆದರೆ ಗಡಿಯಾರ ನೋಡಿ ಮೂರು ಗಂಟೆ ತನಕ ಸಮಯವಿದೆ ಎಂದು ಕೂರುವ ಕಿರಿಯರನ್ನು ಬಯ್ಯುತ್ತೇನೆ. ಪ್ರತಿ ಕಾಲು ಗಂಟೆಗೂ ಲಾಭ ಕರಗುತ್ತಲೇ ಇರುತ್ತದೆ.

"ಆಟ ಕಾಲಮಿತಿಯದ್ದೋ, ಇಡೀ ರಾತ್ರಿಯದ್ದೋ?" ಎಂದು ಕೇಳಿದೆ. ಭಾವ ನನ್ನ ಮುಖ ನೋಡಿದರು. "ಕಾಲಮಿತಿ. ಹನ್ನೆರಡೂವರೆಗೆ ಮಂಗಳ ಆಯ್ತು."

ಗೋಡೆಯ ಗಡಿಯಾರದಲ್ಲಿ ಎರಡೂ ಹತ್ತು. ಸಿಸ್ಟರ್ ಆಗಲೇ ಎರಡು ಆಂಪೂಲ್ ಒಡೆದಿದ್ದರು.